ಪ್ರೇರಿ ರೈತನ ವಂಶ ಹುಡುಕಬೇಕೇ? ಜಮೀನಿನ ನಂಬರ್ ಹಿಡಿಯಿರಿ

ಕೆನಡಾದ ಪ್ರೇರಿ, ಅಂದರೆ ಹುಲ್ಲುಬಯಲಿನ ಪ್ರಾಂತ್ಯಗಳಾದ ಸಸ್ಕಾಚೆವಾನ್, ಆಲ್ಬರ್ಟಾ ಕಡೆಗೆ ಈಗ ನಮ್ಮವರೂ ಸೊಸೆಯರಾಗಿ, ಅಳಿಯಂದಿರಾಗಿ ಹೋಗಿದ್ದಾರೆ. ನಾನೂ ಹಾಗೆ ಅರಸೀಕೆರೆಯಿಂದ ಬಂದವಳು. ನನ್ನ ಗಂಡನ ಮುತ್ತಜ್ಜ ಗಲೀಶಿಯಾದಿಂದ, ಅಂದರೆ ಆಗ ಆಸ್ಟ್ರಿಯಾಕ್ಕೆ ಸೇರಿದ್ದ ಈಗಿನ ಪಶ್ಚಿಮ ಉಕ್ರೇನ್ ಕಡೆಯಿಂದ, ಬಂದು ಸಸ್ಕಾಚೆವಾನಿನ ಯಾರ್ಕ್‌ಟನ್ ಹತ್ತಿರ ಹೋಮ್‌ಸ್ಟೆಡ್ ಜಮೀನು (ಉಳುಮೆ ಮಾಡಿ ನೆಲೆಸುವವರಿಗೆ ಸರ್ಕಾರ ಕೊಡುತ್ತಿದ್ದ ಜಮೀನು) ಹಿಡಿದವರು. ಮಗಳಿಗೆ ಅಪ್ಪನ ಕಡೆಯ ಮನೆತನದ ಕಥೆ ಬರೆದಿಡಬೇಕು ಅಂತ ಹುಡುಕಲು ಶುರು ಮಾಡಿದೆ. ಇಂಥ ಕೆಲಸಕ್ಕೆ ಕೈ ಹಾಕುವವರಿಗೆ ನಾನು ಹೇಳುವುದಿಷ್ಟು: ಹೆಸರಿನ ಹಿಂದೆ ಓಡಬೇಡಿ, ಮೊದಲು ಜಮೀನಿನ ನಂಬರ್ ಹುಡುಕಿ.

ಹೆಸರನ್ನು ನಂಬುವ ಹಾಗಿಲ್ಲ. ಹಡಗಿನಲ್ಲಿ ಒಬ್ಬ ಗುಮಾಸ್ತ ತನಗೆ ಕೇಳಿಸಿದಂತೆ ಬರೆದ, ಜನಗಣತಿಯಲ್ಲಿ ಇನ್ನೊಬ್ಬ ಇನ್ನೊಂದು ಥರ ಬರೆದ. ಹುಟ್ಟಿದ ದೇಶದ ಕಾಲಮ್ಮಿನಲ್ಲಿ ಒಂದು ಸಲ ಆಸ್ಟ್ರಿಯಾ, ಇನ್ನೊಂದು ಸಲ ಗಲೀಶಿಯಾ. ಜಮೀನು ಮಾತ್ರ ಎಲ್ಲಿತ್ತೋ ಅಲ್ಲೇ ಇರುತ್ತದೆ, ಅಲ್ವಾ?

1872ರ ಡೊಮಿನಿಯನ್ ಲ್ಯಾಂಡ್ಸ್ ಆಕ್ಟ್ ಪ್ರಕಾರ ಹತ್ತು ಡಾಲರ್ ಕಟ್ಟಿದರೆ 160 ಎಕರೆ ಸಿಗುತ್ತಿತ್ತು. ಮೂರು ವರ್ಷ, ವರ್ಷಕ್ಕೆ ಆರು ತಿಂಗಳಾದರೂ ಅಲ್ಲೇ ವಾಸ ಮಾಡಬೇಕು, ಮನೆ ಕಟ್ಟಬೇಕು, ಸಾಮಾನ್ಯವಾಗಿ ಮೂವತ್ತು ಎಕರೆಯಷ್ಟಾದರೂ ಉತ್ತು ಹದ ಮಾಡಬೇಕು. ಆಮೇಲೆ ಹಕ್ಕುಪತ್ರ. ನಮ್ಮ ದರಖಾಸ್ತು ಜಮೀನಿನ ಹಾಗೇ ಅನ್ನಿ.

ನಂಬರ್ ಓದುವುದು ಹೀಗೆ. 'ಈಶಾನ್ಯ 22-27-5-ಪಶ್ಚಿಮ 2' ಅಂತ ಇದ್ದರೆ, ಎರಡನೇ ಮೆರಿಡಿಯನ್ನಿನ (ಸರ್ವೆಗೆಂದು ಉತ್ತರ-ದಕ್ಷಿಣವಾಗಿ ಎಳೆದ ಗೆರೆ) ಪಶ್ಚಿಮಕ್ಕೆ, 5ನೇ ರೇಂಜ್ (ಆ ಗೆರೆಯಿಂದ ಎಣಿಸುವ ಉದ್ದನೆಯ ಪಟ್ಟಿ), 27ನೇ ಟೌನ್‌ಶಿಪ್, 22ನೇ ಸೆಕ್ಷನ್, ಅದರ ಈಶಾನ್ಯ ಕಾಲುಭಾಗ. ಒಂದು ಟೌನ್‌ಶಿಪ್ ಅಂದರೆ ಆರು ಮೈಲಿ ಉದ್ದ, ಆರು ಮೈಲಿ ಅಗಲ, ಅದರೊಳಗೆ 36 ಸೆಕ್ಷನ್. ಒಂದೊಂದು ಸೆಕ್ಷನ್ 640 ಎಕರೆ. ಎಣಿಕೆ ಶುರುವಾಗುವುದು ಆಗ್ನೇಯ ಮೂಲೆಯಿಂದ. ಅಮೆರಿಕದಲ್ಲಿ ಈಶಾನ್ಯದಿಂದ, ಆ ನಕ್ಷೆ ನೋಡಿ ಅಭ್ಯಾಸ ಇರುವವರು ಜೋಪಾನ.

ಸೆಕ್ಷನ್ ಸಮಸಂಖ್ಯೆಯೋ ಬೆಸಸಂಖ್ಯೆಯೋ ನೋಡಿ. ಹೋಮ್‌ಸ್ಟೆಡ್‌ಗೆ ಬಿಟ್ಟಿದ್ದು ಹೆಚ್ಚಾಗಿ ಸಮಸಂಖ್ಯೆಯವು. ಬೆಸಸಂಖ್ಯೆಯವು ಬಹುಪಾಲು ರೈಲ್ವೆಗೆ, 11 ಮತ್ತು 29 ಶಾಲೆಗಳಿಗೆ. 8 ಪೂರ್ತಿ, 26ರಲ್ಲಿ ಮುಕ್ಕಾಲು ಪಾಲು ತುಪ್ಪಳದ ವ್ಯಾಪಾರ ಮಾಡುತ್ತಿದ್ದ ಹಡ್ಸನ್ಸ್ ಬೇ ಕಂಪನಿಗೆ. 1908ರ ನಂತರ ಕೆಲವು ಕಡೆ ಬೆಸಸಂಖ್ಯೆಯವನ್ನೂ ತೆರೆದರು. ಅದಕ್ಕೂ ಮೊದಲು ನಿಮ್ಮವರ ಹತ್ತಿರ 17ನೇ ಸೆಕ್ಷನ್ ಇತ್ತು ಅಂದರೆ, ಅದನ್ನು ದುಡ್ಡು ಕೊಟ್ಟು ಕೊಂಡಿರುವ ಸಾಧ್ಯತೆಯೇ ಜಾಸ್ತಿ. ಹೋಮ್‌ಸ್ಟೆಡ್ ಕಡತಕ್ಕಾಗಿ ಸುಮ್ನೆ ತಡಕಬೇಡಿ.

ನಂಬರ್ ಎಲ್ಲಿ ಸಿಗುತ್ತದೆ? ಮನೆಯ ಹಿರಿಯರಿಗೆ ಬಾಯಿಪಾಠ ಇರುತ್ತದೆ, ಮೊದಲು ಅವರನ್ನೇ ಕೇಳಿ. ನಮ್ಮ ಮಾವನವರಿಗೆ ಮದುವೆ ವಾರ್ಷಿಕೋತ್ಸವ ಮರೆತುಹೋಗುತ್ತದೆ, ಜಮೀನಿನ ನಂಬರ್ ಮಾತ್ರ ಅಲ್ಲ. ಅವರಿಗೂ ಗೊತ್ತಿಲ್ಲದಿದ್ದರೆ 1916ರ ಪ್ರೇರಿ ಜನಗಣತಿ ನೋಡಿ. ಪ್ರತಿ ಮನೆಯ ಸೆಕ್ಷನ್, ಟೌನ್‌ಶಿಪ್, ರೇಂಜ್ ಬರೆಯಲು ಅದರಲ್ಲಿ ಕಾಲಮ್ ಇದೆ. 1906ರದ್ದರಲ್ಲಿ ಕುದುರೆ, ಹಸು, ಹಂದಿಗಳ ಲೆಕ್ಕವೂ ಇದೆ. ಎರಡೂ ಲೈಬ್ರರಿ ಅಂಡ್ ಆರ್ಕೈವ್ಸ್ ಕೆನಡಾದ ಜಾಲತಾಣದಲ್ಲಿ ಉಚಿತ. ನಂಬರ್ ಸಿಕ್ಕ ಮೇಲೆ ಸಸ್ಕಾಚೆವಾನ್ ಪ್ರಾಂತ್ಯದ ಆರ್ಕೈವ್ಸ್‌ನಿಂದ ಹೋಮ್‌ಸ್ಟೆಡ್ ಕಡತದ ಪ್ರತಿ ತರಿಸಿ. ಹಕ್ಕುಪತ್ರ ಒಂದನ್ನೇ ತರಿಸಿ ಸಮಾಧಾನಪಟ್ಟುಕೊಳ್ಳಬೇಡಿ, ಅದು ಬರೀ ಒಂದು ಹಾಳೆ. ಇಡೀ ಕಡತ ಬೇಕು.

ಆ ಕಡತದಲ್ಲಿ ನಿಜವಾದ ಬಂಗಾರ ಅಂದರೆ ಹಕ್ಕುಪತ್ರಕ್ಕೆ ಅರ್ಜಿ ಹಾಕುವಾಗ ಪ್ರಮಾಣ ಮಾಡಿ ಕೊಟ್ಟ ಹೇಳಿಕೆ. ಮನೆ ಯಾವಾಗ ಕಟ್ಟಿದಿರಿ? ಎಷ್ಟು ಅಡಿ, ಎಷ್ಟು ಬೆಲೆ? ಯಾವ ವರ್ಷ ಎಷ್ಟು ಎಕರೆ ಉತ್ತಿರಿ? ಜಮೀನು ಬಿಟ್ಟು ಎಲ್ಲಿ ಹೋಗಿದ್ದಿರಿ, ಯಾಕೆ? ನಮ್ಮ ಮುತ್ತಜ್ಜ ಮರದ ದಿಮ್ಮಿಯ ಮನೆ ಕಟ್ಟಿದ್ದರು, 16 ಅಡಿಗೆ 20. ಮೊದಲ ವರ್ಷ ಉತ್ತಿದ್ದು ಮೂರೇ ಎಕರೆ. ಮಿಕ್ಕ ಸಮಯ ರೈಲು ಹಳಿಯ ಕೂಲಿಗೆ ಹೋಗಿದ್ದರು. 'ಅಜ್ಜ ಬಂದ ವರ್ಷವೇ ಗೋಧಿ ಬೆಳೆದ' ಅನ್ನುವ ಮನೆಯ ಕಥೆ ಅಲ್ಲಿಗೆ ಮುಗಿಯಿತು. ಅತ್ತೆಗೆ ಸ್ವಲ್ಪ ಬೇಜಾರಾಯಿತು, ನನಗೆ ಮುತ್ತಜ್ಜನ ಮೇಲೆ ಗೌರವ ಹೆಚ್ಚಾಯಿತು.

ಆ ಅರ್ಜಿಗೆ ಸಾಕ್ಷಿ ಹೇಳಿದ ಇಬ್ಬರು ನೆರೆಯವರ ಹೆಸರನ್ನು ತಪ್ಪದೆ ಬರೆದುಕೊಳ್ಳಿ. ಅಕ್ಕಪಕ್ಕದ ಜಮೀನುಗಳ ಕಡತಗಳನ್ನೂ ತೆಗೆಸಿ. ಮದುವೆಯಾದ ಹೆಂಗಸಿನ ಹೆಸರಿಗೆ ಹೋಮ್‌ಸ್ಟೆಡ್ ಕೊಡುತ್ತಿರಲಿಲ್ಲ. ತಾನೇ ಮನೆ ನಡೆಸುವ ವಿಧವೆಯಾಗಿದ್ದರೆ ಮಾತು ಬೇರೆ. ಹೀಗಾಗಿ ಕಡತದಲ್ಲಿ ಮುತ್ತಜ್ಜಿ 'ಹೆಂಡತಿ' ಮಾತ್ರ, ಹೆಸರೇ ಇಲ್ಲ. ಅವಳ ತವರು ಯಾವುದು ಅಂತ ನಾನು ಕೇಳಿದಾಗ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸಾಕ್ಷಿಗಳಲ್ಲಿ ಒಬ್ಬ ಪಕ್ಕದ ಕಾಲುಭಾಗದವನು. ಚರ್ಚಿನ ದೀಕ್ಷಾಸ್ನಾನದ ಪುಸ್ತಕ ತೆಗೆದರೆ, ಅವನದೂ ಮುತ್ತಜ್ಜಿಯದೂ ತಂದೆಯ ಹೆಸರು ಒಂದೇ, ಊರೂ ಒಂದೇ. ಅಣ್ಣ ತಂಗಿ ಬೇಲಿ ಹಂಚಿಕೊಂಡು ಬದುಕಿದ್ದರು. ಗಲೀಶಿಯಾದ ಹಳ್ಳಿಯ ಹೆಸರು ನಮಗೆ ಸಿಕ್ಕಿದ್ದೂ ಅದೇ ಪುಟದಲ್ಲಿ. ಅಜ್ಜನ ದಾರಿ ಮುಚ್ಚಿದ್ದರೆ ಅಜ್ಜಿಯ ತವರಿನ ಕಡೆಯಿಂದ ಬನ್ನಿ.

ಹಕ್ಕುಪತ್ರಕ್ಕೆ ಬ್ರಿಟಿಷ್ ಪ್ರಜೆಯಾಗಿರಬೇಕಿತ್ತು. ಹಾಗಾಗಿ ಪೌರತ್ವದ ದಾಖಲೆಯೂ ಕಡತದಲ್ಲೇ ಇರಬಹುದು. 1914ರಿಂದ ಕೆಲವು ವರ್ಷ ಏನೂ ಮುಂದುವರಿಯದೆ ನಿಂತಿದ್ದರೆ ಮೊದಲ ಮಹಾಯುದ್ಧವನ್ನು ನೆನಪಿಡಿ. ಆಸ್ಟ್ರಿಯಾದ ಪ್ರಜೆಗಳೆಂದು ಉಕ್ರೇನಿನವರನ್ನೂ ಶತ್ರುದೇಶದವರ ಪಟ್ಟಿಗೆ ಸೇರಿಸಿದ್ದರು. ಒಟ್ಟು 80,000ಕ್ಕೂ ಹೆಚ್ಚು ಜನ ಹೆಸರು ನೋಂದಾಯಿಸಬೇಕಾಯಿತು, 8,579 ಜನ ಶಿಬಿರಗಳಲ್ಲಿ ಬಂಧಿಗಳಾದರು. ಮನೆಯಲ್ಲಿ ಇದರ ಮಾತೇ ಎತ್ತದ ಹಿರಿಯರಿದ್ದಾರೆ. ಮೆಲ್ಲಗೆ ಕೇಳಿ.

ಇನ್ನೊಂದು ವಿಷಯ. ಕಥೆಯನ್ನು 'ಖಾಲಿ ಬಯಲು' ಅಂತ ಶುರು ಮಾಡಬೇಡಿ. ಅದು ಮೂಲನಿವಾಸಿಗಳಾದ ಕ್ರೀ, ಸೋಟೋ ಜನರ ನೆಲ. ನಮ್ಮ ಭಾಗ ಅವರ ಜೊತೆ ಸರ್ಕಾರ ಮಾಡಿಕೊಂಡ 1874ರ ನಾಲ್ಕನೇ ಒಪ್ಪಂದದ ಪ್ರದೇಶ. ಅದನ್ನು ಮಗಳ ಪುಸ್ತಕದ ಮೊದಲ ಪುಟದಲ್ಲೇ ಬರೆದಿದ್ದೇನೆ.

ಕೊನೆಗೆ ಸ್ಮಶಾನಕ್ಕೆ ಹೋಗಿ. ಹಳೆಯ ಕಲ್ಲುಗಳ ಮೇಲೆ ಉಕ್ರೇನಿನವರು ಬಳಸುವ ಸಿರಿಲಿಕ್ ಲಿಪಿ ಇರುತ್ತದೆ, ಓದಲು ಬರದಿದ್ದರೂ ಫೋಟೊ ತೆಗೆದುಕೊಳ್ಳಿ. ಬಿಸಿಲು ಓರೆಯಾಗಿ ಬೀಳುವ ಬೆಳಿಗ್ಗೆ ಅಥವಾ ಸಂಜೆ ಹೋದರೆ ಸವೆದ ಅಕ್ಷರವೂ ಕಾಣುತ್ತದೆ. ಫೋಟೊ, ಜನಗಣತಿ ಪುಟ, ಪತ್ರ, ಏನೇ ಇರಲಿ, ಕಂಪ್ಯೂಟರಿನಲ್ಲಿ ಆ ಫೈಲಿನ ಹೆಸರನ್ನು ಜಮೀನಿನ ನಂಬರಿನಿಂದಲೇ ಶುರು ಮಾಡಿ. ಒಂದೇ ಹೆಸರಿನ ನಾಲ್ಕು ಜನ ಎದುರಾದಾಗ ಬೇರೆ ಬೇರೆ ಮಾಡಲು ಸುಲಭ.