ನವಲಗಢದ ಗೋಡೆಗಳನ್ನು ನಾನು ನೋಡಿದ ಬಗೆ

ರಾಜಸ್ಥಾನದ ಶೇಖಾವಾಟಿ ಸೀಮೆಗೆ ಹೋಗುವವರಲ್ಲಿ ಅನೇಕರು ಮಂಡಾವಾದಲ್ಲಿ ತಂಗುತ್ತಾರೆ. ನಾನು ಅದೇ ಝುಂಝುನು ಜಿಲ್ಲೆಯ ನವಲಗಢವನ್ನು ಆರಿಸಿಕೊಂಡೆ. 1737ರಲ್ಲಿ ಠಾಕೂರ್ ನವಲ್ ಸಿಂಗ್ ಸ್ಥಾಪಿಸಿದ ಈ ಊರಿನ ಹವೇಲಿಗಳನ್ನು, ಅಂದರೆ ವರ್ತಕರು ಕಟ್ಟಿಸಿ ಗೋಡೆಗಳ ಮೇಲೆ ಚಿತ್ರ ಬರೆಸಿದ ದೊಡ್ಡ ಮನೆಗಳನ್ನು, ನಡೆದೇ ನೋಡಬಹುದು, ಜೈಪುರದಿಂದ ಸೀಕರ್ ಮಾರ್ಗವಾಗಿ ರೈಲೂ ಬಸ್ಸೂ ಇವೆ. ಅರೆ ಮರುಭೂಮಿಯಾದ್ದರಿಂದ ಚಳಿಗಾಲದಲ್ಲೇ ಹೋದೆ. ಹಗಲು ಹಿತವಾದ ಬಿಸಿಲಿದ್ದರೂ ಕತ್ತಲಾದೊಡನೆ ಮರಳುನೆಲ ಬೇಗ ತಣ್ಣಗಾಗುತ್ತದೆ; ದಪ್ಪನೆಯ ಉಣ್ಣೆಬಟ್ಟೆ ಬೇಕೇ ಬೇಕು.

ಮೊದಲು ಪೋದಾರ್ ಹವೇಲಿಯ ವಸ್ತುಸಂಗ್ರಹಾಲಯಕ್ಕೆ ಹೋದೆ. ವ್ಯಾಪಾರದ ಮಾತುಕತೆ ನಡೆಯುತ್ತಿದ್ದ ಹೊರ ಅಂಗಳ, ಹೆಂಗಸರ ಓಡಾಟಕ್ಕೆ ಮೀಸಲಾಗಿದ್ದ ಒಳ ಅಂಗಳ, ಅತಿಥಿಗಳನ್ನು ಕೂರಿಸುವ ಬೈಠಕ್ — ಹೀಗೆ ಹವೇಲಿಯ ವಿನ್ಯಾಸ ಅಲ್ಲಿ ಚೆನ್ನಾಗಿ ಮನದಟ್ಟಾಗುತ್ತದೆ. ಆದರೆ ಜೀರ್ಣೋದ್ಧಾರಗೊಂಡ ಅಲ್ಲಿಯ ಗೋಡೆಚಿತ್ರಗಳ ಥಳಕು ನನಗಂತೂ ತುಸು ಹೆಚ್ಚೆನಿಸಿತು. ಹಳೆಯ ಬಣ್ಣವನ್ನು ಇದ್ದಂತೆಯೇ ಉಳಿಸಿಕೊಂಡಿರುವ ಮೊರಾರ್ಕಾ ಹವೇಲಿಯೇ ನನ್ನ ಮಟ್ಟಿಗೆ ಊರಿನ ಮುಖ್ಯ ಆಕರ್ಷಣೆ.

ಗೋಡೆಯ ಮುಂದೆ ನಿಂತು ನೋಡುವುದಕ್ಕಿಂತ, ಬೆಳಗಿನ ಓರೆಬಿಸಿಲಿನಲ್ಲಿ ಅದರ ಪಕ್ಕಕ್ಕೆ ಸರಿದು ಕಣ್ಣು ಹಾಯಿಸಿದಾಗ ಹೆಚ್ಚು ಕಾಣಿಸಿತು. ಆನೆಯೊಂದರ ಸೊಂಡಿಲಿನ ಸುತ್ತ, ಬಣ್ಣ ಮಾಸಿದ ಕಡೆಯಲ್ಲೂ, ಕೂದಲೆಳೆಯಷ್ಟು ಸಪೂರವಾದ ಗೀರು ಉಳಿದಿತ್ತು. ಹಸಿ ಗಾರೆಯಲ್ಲಿ ಚಿತ್ರದ ಹೊರರೇಖೆಯನ್ನು ಕೊರೆದ ಗುರುತು ಅದು. ಚೇಜಾರಾ ಎಂದು ಕರೆಯಲಾಗುವ ಅಲ್ಲಿಯ ಕುಶಲಕರ್ಮಿಗಳು ಗಾರೆ ಕೆಲಸವನ್ನೂ ಚಿತ್ರರಚನೆಯನ್ನೂ ತಾವೇ ಮಾಡುತ್ತಿದ್ದರು. ಸುಣ್ಣಕ್ಕೆ ಅಮೃತಶಿಲೆಯ ಪುಡಿ ಬೆರೆಸಿದ ಮೇಲ್ಪದರ ಆರುವ ಮುನ್ನವೇ ಬಣ್ಣ ಹಚ್ಚಿ, ನುಣುಪಾದ ಕಲ್ಲಿನಿಂದ ಉಜ್ಜಿ ಹೊಳಪು ಕೊಡುತ್ತಿದ್ದುದರಿಂದ ಬಣ್ಣ ಗಾರೆಯೊಂದಿಗೇ ಗಟ್ಟಿಯಾಗಿ, ಬಿಸಿಲು ಮಳೆಗಳನ್ನು ತಾಳಿಕೊಂಡು ಉಳಿದಿದೆ.

ಚಿತ್ರಗಳ ಕಾಲವನ್ನು ಅಂದಾಜು ಮಾಡಲು ಬಣ್ಣವನ್ನೇ ಆಧಾರವಾಗಿಟ್ಟುಕೊಂಡೆ. ಕಾವಿ, ಕಾಡಿಗೆಯ ಕಪ್ಪು, ಸುಣ್ಣದ ಬಿಳುಪು ಇವೇ ಪ್ರಧಾನವಾಗಿದ್ದರೆ ಕೆಲಸ ಹಳೆಯದಿರಬಹುದು; ಕಡುನೀಲಿ, ಗಾಢ ಕೆಂಪು ಢಾಳಾಗಿದ್ದರೆ ವಿದೇಶದ ರಾಸಾಯನಿಕ ಬಣ್ಣಗಳು ಬರತೊಡಗಿದ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧ ಅಥವಾ ಅನಂತರದ್ದು. ವಸ್ತುವೂ ಸುಳಿವು ಕೊಡುತ್ತದೆ: ಕೃಷ್ಣಲೀಲೆಯ ಪಕ್ಕದಲ್ಲೇ ರೈಲುಬಂಡಿ, ಮೋಟಾರು ಕಾರು, ಟೋಪಿ ಧರಿಸಿದ ಬ್ರಿಟಿಷರು ಕಾಣಿಸಿಕೊಳ್ಳುತ್ತಾರೆ. ಇದಕ್ಕೆ ಕಾರಣವೂ ಊರಿನ ಚರಿತ್ರೆಯಲ್ಲೇ ಇದೆ. ಒಂಟೆಗಳ ಸಾರ್ಥದ ಮೇಲೆ ನಿಂತಿದ್ದ ವ್ಯಾಪಾರ ಬಂದರುಗಳತ್ತ, ರೈಲಿನತ್ತ ಸರಿದಾಗ ಮಾರವಾಡಿ ವರ್ತಕರು ಕಲ್ಕತ್ತಾ, ಬೊಂಬಾಯಿಗಳಿಗೆ ಹೋದರು. ಅಲ್ಲಿ ಗಳಿಸಿದ ಹಣ ಹುಟ್ಟೂರಿನ ಗೋಡೆಗಳಿಗೆ ಬಂತು, ಕ್ರಮೇಣ ಕುಟುಂಬಗಳು ಮಾತ್ರ ನಗರಗಳಲ್ಲೇ ನೆಲೆಸಿದವು.

ಹೀಗಾಗಿ ಎಷ್ಟೋ ಹವೇಲಿಗಳಿಗೆ ಇಂದು ಬೀಗವಿದೆ, ಕೆಲವನ್ನು ಕಾವಲುಗಾರರು ನೋಡಿಕೊಳ್ಳುತ್ತಾರೆ. ದೊಡ್ಡ ಬಾಗಿಲಿನೊಳಗಿನ ಕಿರುಬಾಗಿಲನ್ನು ತಟ್ಟಿ, ಹೊರ ಅಂಗಳದಲ್ಲಿ ನಿಂತು ಅನುಮತಿ ಕೇಳಿದ ಮೇಲೆಯೇ ನಾನು ಮುಂದಕ್ಕೆ ಹೋಗುತ್ತಿದ್ದೆ, ಏಕೆಂದರೆ ಒಳಗೆ ಸಂಸಾರವಿರುವುದೂ ಉಂಟು. ನಿಗದಿತ ಶುಲ್ಕವಿಲ್ಲದ ಕಡೆ ಕೊಡಲು ಸಣ್ಣ ನೋಟುಗಳನ್ನು ಜೊತೆಗಿಟ್ಟುಕೊಂಡಿದ್ದೆ. ಛಾಯಾಚಿತ್ರ ತೆಗೆಯಬಹುದೇ ಎಂಬುದನ್ನು ಪ್ರತಿ ಬಾಗಿಲಲ್ಲೂ ಬೇರೆಯಾಗಿಯೇ ಕೇಳಬೇಕಾಗುತ್ತಿತ್ತು.