ಒಂದೇ ‘ಗುಣ’, ನಾಲ್ಕಾರು ಪಾಠ: ಅರ್ಥ ಬಿಡಿಸುವುದು ಹೇಗೆ?

ಧಾರವಾಡದಲ್ಲಿ ಹತ್ತನೇ ಇಯತ್ತೆಯ ಮಕ್ಕಳಿಗೆ ಸಂಜೆ ಪಾಠ ಹೇಳುತ್ತೇನೆ. ‘ಗುಣಸಂಧಿ ಅಂದರೆ?’ ಎಂದು ಕೇಳಿದರೆ ವರ್ಷಕ್ಕೊಬ್ಬರಾದರೂ ‘ಛಲೋ ಗುಣ ಇರೋ ಸಂಧಿರೀ ಸರ’ ಅನ್ನುತ್ತಾರೆ. ನಗಬೇಡಿ. ಗಣಿತ, ವ್ಯಾಕರಣ, ದವಾಖಾನೆ ಎಲ್ಲ ಕಡೆ ಒಂದೇ ಶಬ್ದ ಬಂದರೆ ಪಾಪ, ಮಕ್ಕಳಾದರೂ ಏನು ಮಾಡಬೇಕು?

ಮೊದಲು, ಶಬ್ದ ಎಲ್ಲೆಲ್ಲಿ ಕಂಡಿತೋ ಆ ವಾಕ್ಯಗಳನ್ನು ಬರೆದಿಟ್ಟುಕೊಳ್ಳಿ. ಅಷ್ಟೇ.

ಎರಡನೆಯದು ನಿಘಂಟು. ದೊಡ್ಡದೇ ಬೇಕು. 1894ರ ಕಿಟ್ಟೆಲ್ ಕೋಶ ಹಳೆಯದಾದರೂ ನನಗೆ ಅದೇ ಮೊದಲು. ಬಸ್‌ಸ್ಟ್ಯಾಂಡಿನಲ್ಲಿ ಸಿಗುವ ಅಂಗೈಯಗಲದ ಡಿಕ್ಷನರಿ ಒಂದು ಶಬ್ದಕ್ಕೆ ಒಂದೇ ಅರ್ಥ ಕೊಟ್ಟು ಕೈ ತೊಳೆದುಕೊಳ್ಳುತ್ತದೆ. ಅದಕ್ಕೆ ದುಡ್ಡು ಹಾಕಬೇಡಿ.

ಎಲ್ಲರೂ ಎಡವುವುದು ಮೂರನೆಯದರಲ್ಲಿ. ಹತ್ತು ಅರ್ಥ ಕಂಡ ಕೂಡಲೇ ಮೊದಲನೆಯದನ್ನು ಹಿಡಿದು ಓಡುತ್ತಾರೆ. ಸ್ವಲ್ಪ ತಡೆಯಿರಿ. ಅದರಲ್ಲಿ ಕೈಗೆ ಸಿಗುವ ವಸ್ತು ಯಾವುದು ನೋಡಿ. ಸಂಸ್ಕೃತದಲ್ಲಿ ‘ಗುಣ’ ಅಂದರೆ ದಾರ, ಎಳೆ. ಬಿಲ್ಲಿನ ಹೆದೆಗೂ ಅದೇ ಹೆಸರು. ಹಾಗಾಗಿ ನಾನು ಮಕ್ಕಳ ಕೈಗೆ ನೂಲು ಕೊಡುತ್ತೇನೆ. ರಾಷ್ಟ್ರಧ್ವಜ ತಯಾರಾಗುವ ಬೆಂಗೇರಿ ಹುಬ್ಬಳ್ಳಿಯಲ್ಲೇ ಇರುವಾಗ ಖಾದಿ ನೂಲಿಗೆ ಬರವೇ? ಎಳೆಯನ್ನು ಮಡಚಿ ಹೊಸೆದರೆ ಎರಡೆಳೆ, ಅದು ದ್ವಿಗುಣ. ಮೂರೆಳೆ ಆದರೆ ತ್ರಿಗುಣ. ಲೆಕ್ಕದ ಗುಣಾಕಾರ, ಗುಣಲಬ್ಧ, ಸಹಗುಣಕ ಎಲ್ಲ ಈ ದಾರ ಹಿಡಿದೇ ಬಂದವು. ಸತ್ವ, ರಜಸ್ಸು, ತಮಸ್ಸು ಎಂಬ, ಸಾಂಖ್ಯ ಅನ್ನುವ ಹಳೆಯ ತತ್ವಶಾಸ್ತ್ರದವರು ಹೇಳುವ ಮೂರು ಗುಣಗಳನ್ನೂ ಹಗ್ಗದ ಮೂರು ಎಳೆ ಎಂದು ವಿವರಿಸುವುದುಂಟು. ಒಮ್ಮೆ ಹುಡುಗಿಯೊಬ್ಬಳು ಹೊಸೆದ ದಾರದ ತುದಿ ಬಿಟ್ಟಳು. ಅದು ಸರ್ರನೆ ತಿರುಗಿ ಸುರುಳಿಯಾಯಿತು. ‘ಇದರ ಗುಣಾನೇ ಹಿಂಗ ನೋಡ್ರಿ ಸರ’ ಅಂದಳು. ಸ್ವಭಾವ ಅನ್ನುವ ಅರ್ಥ ಹೇಳಿಕೊಡುವ ಕೆಲಸವೇ ಉಳಿಯಲಿಲ್ಲ.

ಆದರೆ ದಾರವನ್ನು ಸಿಕ್ಕಲ್ಲೆಲ್ಲ ಎಳೆಯಬಾರದು. ಗುಣಸಂಧಿಯ ‘ಗುಣ’ ಸುಮ್ನೆ ಒಂದು ಗುರುತಿನ ಹೆಸರು. ಅ, ಏ, ಓ ಸ್ವರಗಳನ್ನು ಪಾಣಿನಿ ಹಾಗೆ ಕರೆದ. ಸುರ, ಇಂದ್ರ ಸೇರಿ ಸುರೇಂದ್ರ ಆದಾಗ ಏ ಬಂತಲ್ಲ, ಅದಕ್ಕೇ ಗುಣಸಂಧಿ. ಇದನ್ನು ಬಾಯಿಪಾಠ ಮಾಡಿಸಿ, ಬೇರೆ ದಾರಿ ಇಲ್ಲ.

ಕೊನೆಗೆ, ಶಬ್ದದ ಬಾಲ ನೋಡಿ. ‘ಗುಣವಂತ’ ಅಂದರೆ ಸ್ವಭಾವದ ಮಾತು, ‘ಗುಣಿಸು’ ಅಂದರೆ ಲೆಕ್ಕ, ‘ಗುಣವಾಯಿತು’ ಅಂದರೆ ಜಡ್ಡು ಬಿಟ್ಟಿತು. ಮೊಬೈಲಿನ ಅನುವಾದಕ್ಕೆ ಬರೀ ‘ಗುಣ’ ಎಂದು ಒಂಟಿ ಶಬ್ದ ಹಾಕಬೇಡಿ. ಹಾಕಲೇಬೇಕಿದ್ದರೆ ಪೂರ್ತಿ ವಾಕ್ಯ ಹಾಕಿ.