ರಕ್ತ ಬೇಕೆಂದು ಬರೆದ ಚೀಟಿಯನ್ನು ಓದುವ ಬಗೆ

‘ಪಿಆರ್‌ಬಿಸಿ, ಎರಡು ಯೂನಿಟ್’ ಎಂದು ಬರೆದ ಚೀಟಿ ಕೈಗೆ ಬಂದಾಗ ಬಹಳಷ್ಟು ಮಂದಿ ಅದನ್ನು ‘ಎರಡು ಬಾಟಲಿ ರಕ್ತ’ ಎಂದು ಅರ್ಥಮಾಡಿಕೊಂಡು ದಾನಿಗಳಿಗೆ ಫೋನ್ ಮಾಡತೊಡಗುತ್ತಾರೆ. ಅದಕ್ಕೂ ಮೊದಲು ಕೇಳಿರುವುದು ರಕ್ತದ ಯಾವ ಘಟಕ ಎಂಬುದನ್ನು ನೋಡಿಕೊಳ್ಳಿ.

ದಾನಿಯಿಂದ ಒಂದು ಸಲಕ್ಕೆ ಸಾಮಾನ್ಯವಾಗಿ 350 ಅಥವಾ 450 ಮಿಲಿಲೀಟರ್ ಪೂರ್ಣ ರಕ್ತವನ್ನು ತೆಗೆಯುತ್ತಾರೆ. ಆ ಚೀಲವನ್ನು ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿದರೆ ಕೆಂಪು ಕಣಗಳು ತಳಕ್ಕಿಳಿದು, ತಿಳಿಹಳದಿ ಪ್ಲಾಸ್ಮಾ ಮೇಲೆ ನಿಲ್ಲುತ್ತದೆ. ಕೆಳಗಿನ ಭಾಗವೇ ಪಿಆರ್‌ಬಿಸಿ, ಅಂದರೆ ಪ್ಯಾಕ್ಡ್ ಸೆಲ್. ರಕ್ತ ಬಹಳ ಹೋದವರಿಗೆ, ತೀವ್ರ ರಕ್ತಹೀನತೆ ಇರುವವರಿಗೆ ಕೊಡುವುದು ಇದನ್ನು. ‘ಎಫ್‌ಎಫ್‌ಪಿ’ ಎಂದಿದ್ದರೆ ಅದು ಹೆಪ್ಪುಗಟ್ಟಿಸುವ ಅಂಶಗಳಿರುವ, ಘನೀಕರಿಸಿಟ್ಟ ಪ್ಲಾಸ್ಮಾ. ಪ್ಯಾಕ್ಡ್ ಸೆಲ್ ಅನ್ನು ಸೂಕ್ತ ಸಂರಕ್ಷಕ ದ್ರಾವಣದೊಂದಿಗೆ ತಂಪಿನಲ್ಲಿ 42 ದಿನ ಇಡಬಹುದು. ರಕ್ತ ಹೆಪ್ಪುಗಟ್ಟಲು ನೆರವಾಗುವ ಪುಟ್ಟ ಕಣಗಳಾದ ಪ್ಲೇಟ್‌ಲೆಟ್‌ಗಳನ್ನಾದರೋ 20ರಿಂದ 24 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನಿಧಾನವಾಗಿ ಅಲುಗಾಡಿಸುತ್ತ, ಸಾಮಾನ್ಯವಾಗಿ ಐದೇ ದಿನ ಇಡಲಾಗುತ್ತದೆ. ರಕ್ತನಿಧಿಯಲ್ಲಿ ಪ್ಲೇಟ್‌ಲೆಟ್ ಮೇಲಿಂದ ಮೇಲೆ ಮುಗಿದುಹೋಗುವುದಕ್ಕೆ ಇದೂ ಒಂದು ಕಾರಣ. ‘ಎಸ್‌ಡಿಪಿ’ ಎಂದು ಬರೆದಿದ್ದರೆ ಒಬ್ಬನೇ ದಾನಿಯಿಂದ ಯಂತ್ರದ ಮೂಲಕ ಪ್ಲೇಟ್‌ಲೆಟ್ ಮಾತ್ರ ತೆಗೆದುಕೊಂಡು, ಉಳಿದದ್ದನ್ನು ಆತನಿಗೇ ಹಿಂದಿರುಗಿಸುತ್ತಾರೆ. ಇದಕ್ಕೆ ಸಮಯ ಹೆಚ್ಚು ಹಿಡಿಯುವುದರಿಂದ ದಾನಿಗೆ ಮುಂಚೆಯೇ ಹೇಳಿಡಿ.

ಗುಂಪಿನ ವಿಷಯದಲ್ಲಿ ಗೊಂದಲ ಹೆಚ್ಚು. ಎ, ಬಿ ಎಂಬುವು ಕೆಂಪು ಕಣಗಳ ಮೇಲಿನ ಪ್ರತಿಜನಕಗಳ, ಅಂದರೆ ಗುರುತುಗಳ, ಹೆಸರು. ನಮ್ಮ ಕಣಗಳ ಮೇಲೆ ಯಾವುದು ಇಲ್ಲವೋ ಅದಕ್ಕೆ ವಿರುದ್ಧವಾದ ಪ್ರತಿಕಾಯ, ಅಂದರೆ ಆ ಗುರುತಿರುವ ಕಣಗಳ ಮೇಲೆ ಎರಗುವ ಅಂಶ, ನಮ್ಮ ಪ್ಲಾಸ್ಮಾದಲ್ಲಿ ಇರುತ್ತದೆ. ಆದ್ದರಿಂದಲೇ ತುರ್ತಿನಲ್ಲಿ, ಎ, ಬಿ ಎರಡೂ ಇಲ್ಲದ, ಆರ್‌ಎಚ್ ಎಂಬ ಗುರುತೂ ಇಲ್ಲದ ಓ ನೆಗೆಟಿವ್ ಕೆಂಪು ಕಣಗಳನ್ನು ಯಾವ ಗುಂಪಿನವರಿಗೂ ಕೊಡುತ್ತಾರೆ. ಪ್ಲಾಸ್ಮಾಕ್ಕೆ ಬಂದಾಗ ಲೆಕ್ಕ ತಿರುಗುಮುರುಗು: ಎರಡೂ ಪ್ರತಿಕಾಯಗಳಿಲ್ಲದ ಎಬಿ ಪ್ಲಾಸ್ಮಾ ಎಲ್ಲರಿಗೂ ಹೊಂದುತ್ತದೆ. ‘ಓ ಎಂದರೆ ಎಲ್ಲರಿಗೂ ನಡೆಯುತ್ತದೆ’ ಎಂಬ ಮಾತು ಅರ್ಧ ಮಾತ್ರ ಸರಿ.

ಗುಂಪು ಒಂದೇ ಆಗಿದ್ದರೂ ಕ್ರಾಸ್ ಮ್ಯಾಚ್ ಬೇಕೇ ಬೇಕು. ರೋಗಿಯ ಪ್ಲಾಸ್ಮಾ ಅಥವಾ ಸೀರಮ್‌ನೊಂದಿಗೆ ದಾನಿಯ ಕಣಗಳನ್ನು ಬೆರೆಸಿ, ಅವು ಗಂಟುಕಟ್ಟುತ್ತವೆಯೇ ಎಂದು ನೋಡುವುದೇ ಈ ಪರೀಕ್ಷೆ. ಅದಕ್ಕಾಗಿ ಮಾದರಿ ತೆಗೆದ ಕೂಡಲೇ, ರೋಗಿಯ ಪಕ್ಕದಲ್ಲೇ, ಕೊಳವೆಯ ಮೇಲೆ ಹೆಸರು ಬರೆಯುತ್ತಾರೆಯೇ ಎಂದು ಗಮನಿಸಿ. ಪ್ರಾಣಾಪಾಯ ತರುವ ಅದಲುಬದಲು ಇಂಥ ಸಣ್ಣ ಮೈಮರೆವಿನಿಂದಲೇ ಆಗಬಹುದು.

ಚೀಲ ಹಾಸಿಗೆಯ ಬಳಿಗೆ ಬಂದಾಗ ಅದರ ಮೇಲಿನ ಹೆಸರು, ಗುರುತಿನ ಸಂಖ್ಯೆ, ಗುಂಪು, ಅವಧಿ ಮುಗಿಯುವ ದಿನಾಂಕ ಇವೆಲ್ಲವನ್ನೂ ರೋಗಿಯ ಕೈಪಟ್ಟಿ ಮತ್ತು ದಾಖಲೆಗಳೊಂದಿಗೆ ಹೋಲಿಸಿ ನೋಡುತ್ತಾರೆ. ಹನಿ ಬೀಳತೊಡಗಿದ ಮೊದಲ 15 ನಿಮಿಷ ರೋಗಿಯನ್ನು ಬಿಟ್ಟು ಕದಲಬೇಡಿ. ನಡುಕ, ಜ್ವರ, ಬೆನ್ನುನೋವು ಅಥವಾ ಉಸಿರಾಟದ ತೊಂದರೆ ಕಂಡರೆ ತಕ್ಷಣ ನರ್ಸ್ ಅನ್ನು ಕರೆಯಿರಿ. ಅವರು ರಕ್ತ ಏರಿಸುವುದನ್ನು ನಿಲ್ಲಿಸುತ್ತಾರೆ. ಅರ್ಧ ಉಳಿದ ಆ ಚೀಲ ಕಸಕ್ಕೆ ಹೋಗದೆ, ಮರುಪರೀಕ್ಷೆಗಾಗಿ ರಕ್ತನಿಧಿಗೇ ವಾಪಸಾಗುತ್ತದೆ.